ಸಾಬೂನು ಸಾಬೂನಾಗಿಯೇ ಮಾರಾಟವಾಗಲಿ

ಹೊಸ ಉದ್ಯಮಕ್ಕೆ ಯೋಜನಾ ವರದಿ ಸಿದ್ಧಪಡಿಸಿಕೊಡಬೇಕೆಂದು ನಮ್ಮ ಕಚೇರಿಗೆ ಬರುವ ತರುಣರಲ್ಲಿ ಇತ್ತೀಚಿನ ವರ್ಷಗಳಲ್ಲಿ ಒಂದು ಬದಲಾವಣೆ ಕಾಣುತ್ತಿದೆ. ಹಿಂದೆ ಇವರು ಶೇಂಗಾ ಎಣ್ಣೆಯ ಗಾಣ, ಮೆಣಸಿನಕಾಯಿ ಪುಡಿ, ಇಟ್ಟಿಗೆ ಭಟ್ಟಿ ಎನ್ನುತ್ತಿದ್ದರು. ಈಗ ಹತ್ತರಲ್ಲಿ ಇಬ್ಬರಾದರೂ ಗಿಡಮೂಲಿಕೆ ಸಾಬೂನು ಎನ್ನುತ್ತಾರೆ. ಹೊದಿಕೆಯ ಮಾದರಿಯನ್ನೂ ಮೊದಲೇ ಮುದ್ರಿಸಿಕೊಂಡು ಬಂದಿರುತ್ತಾರೆ. ಅದರ ಮೇಲೆ ‘ಅಜ್ಜಿಯ ಕಾಲದ’ ಎಂಬ ಮಾತು ತಪ್ಪದೇ ಇರುತ್ತದೆ. ಕೆಳಗೆ ಬೇವು, ಅರಿಶಿಣ, ಲೋಳೆಸರ, ತುಳಸಿ ಎಂದು ಎಂಟೊಂಬತ್ತು ಹೆಸರುಗಳು. ಅದರ ಕೆಳಗೆ ಕಜ್ಜಿ, ಮೊಡವೆ, ಗಜಕರ್ಣ, ಚರ್ಮದ ಸಕಲ ವ್ಯಾಧಿಗಳಿಗೂ ಪರಿಹಾರವೆಂಬ ಆಶ್ವಾಸನೆ. ಈ ಉತ್ಸಾಹವನ್ನು ಕುಂದಿಸುವುದು ನನ್ನ ಉದ್ದೇಶವಲ್ಲ. ಆದರೆ ಬಂಡವಾಳ, ಬಡ್ಡಿ, ಲಾಭಾಂಶಗಳ ಪ್ರಶ್ನೆಗೆ ಮೊದಲು ನಾನು ಅವರನ್ನು ಕೇಳುವ ಪ್ರಶ್ನೆ ಒಂದೇ: ನೀವು ಮಾರಲು ಹೊರಟಿರುವುದು ಸಾಬೂನೋ, ಔಷಧವೋ? ಎರಡೂ ಎಂಬುದೇ ಬಹುತೇಕ ಎಲ್ಲರ ಉತ್ತರ. ಈ ‘ಎರಡೂ’ ಎಂಬ ಉತ್ತರವು ವ್ಯಾಪಾರಕ್ಕೆ ಹಿತವಲ್ಲವೆಂಬ ನನ್ನ ಅಭಿಪ್ರಾಯವನ್ನು ನಮ್ಮ ವಾಣಿಜ್ಯ ಬಂಧುಗಳ ಮುಂದಿಡಲು ಈ ಲೇಖನ.

ಅಜ್ಜಿಯ ಕಾಲದ ಸಾಬೂನು ಯಾವುದಾಗಿತ್ತು ಎಂಬುದನ್ನು ಮೊದಲು ನೆನಪಿಸಿಕೊಳ್ಳೋಣ. ನಾನು ಬೆಳೆದದ್ದು ಶಿಗ್ಲಿಯಲ್ಲಿ, ಎಪ್ಪತ್ತರ ದಶಕದಲ್ಲಿ. ನೇಕಾರರ ಊರು, ಓಣಿಯ ಮನೆಗಳಲ್ಲಿ ಮಗ್ಗದ ಕುಣಿ, ಬಾಗಿಲ ಮುಂದೆ ಬಣ್ಣದ ನೂಲಿನ ಲಡಿಗಳು. ನಿತ್ಯದ ಸ್ನಾನಕ್ಕೆ ಸಾಬೂನು, ನಮ್ಮ ಕಡೆಯ ಮಾತಿನಲ್ಲಿ ಸಬಕಾರ, ಎಲ್ಲರ ಮನೆಯಲ್ಲಿಯೂ ಇರುತ್ತಿರಲಿಲ್ಲ. ಕಡಲೆಹಿಟ್ಟು, ಸೀಗೆಕಾಯಿ, ಅಂಟವಾಳಕಾಯಿ ಇದ್ದವು. ಸಾಬೂನು ಇದ್ದ ಮನೆಯಲ್ಲಿ ಅದು ಇಟ್ಟಿಗೆಯಂಥ ಕೆಂಪು ಕಾರ್ಬಾಲಿಕ್ ಸಾಬೂನು. ದಾರದಿಂದ ಎರಡು ತುಂಡು ಮಾಡಿ, ಒಂದನ್ನು ಬಚ್ಚಲಿಗಿಟ್ಟು ಇನ್ನೊಂದನ್ನು ಒಣಗಲು ಮಾಡದಲ್ಲಿ ಇಡುತ್ತಿದ್ದರು; ಒಣಗಿದ ಸಾಬೂನು ಬೇಗ ಸವೆಯದೆಂಬ ಲೆಕ್ಕ. ಮಕ್ಕಳಿಗೆ ಕಜ್ಜಿ ಹತ್ತಿದರೆ ಅಥವಾ ಕುಣಿಯಲ್ಲಿ ಕಾಲಿಟ್ಟು ಕೂಡುವ ಹಿರಿಯರ ಪಾದಗಳಿಗೆ ತುರಿಕೆ ಬಂದರೆ ಲಕ್ಷ್ಮೇಶ್ವರದ ಔಷಧದ ಅಂಗಡಿಯಿಂದ ಇನ್ನೊಂದು ಸಾಬೂನು ಬರುತ್ತಿತ್ತು. ಅದರ ವಾಸನೆ ಹೊಸದಾಗಿ ಹಾಕಿದ ರಸ್ತೆಯದು. ಅದೇ ಕೋಲ್ ತಾರ್ ಸಾಬೂನು. ಅದನ್ನು ಹಚ್ಚಿಕೊಂಡ ಹುಡುಗನು ಶಾಲೆಯಲ್ಲಿ ಯಾವ ಸಾಲಿನಲ್ಲಿ ಕುಳಿತಿದ್ದಾನೆಂಬುದನ್ನು ಮಾಸ್ತರರು ಬಾಗಿಲಿನಿಂದಲೇ ಹೇಳಬಲ್ಲವರಾಗಿದ್ದರು.

ಆ ಸಾಬೂನಿನ ಬಗ್ಗೆ ಈಗ ನನ್ನ ವಯಸ್ಸಿನವರು ಮಾತನಾಡುವಾಗ ‘ಆಗ ಕೆಮಿಕಲ್ ಇರಲಿಲ್ಲ’ ಎನ್ನುವುದುಂಟು. ವಾಸ್ತವವು ಇದಕ್ಕೆ ಪೂರ್ತಿ ವಿರುದ್ಧವಾಗಿದೆ. ಕಲ್ಲಿದ್ದಲನ್ನು ಗಾಳಿಯಿಲ್ಲದೆ ಕಾಯಿಸಿ ಅನಿಲವನ್ನೂ ಕೋಕನ್ನೂ ತೆಗೆದಾಗ ಉಳಿಯುವ ಕಪ್ಪು ಗಸಿಯೇ ಕೋಲ್ ತಾರ್, ಅಂದರೆ ಡಾಂಬರು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಯುರೋಪಿನ ಅನಿಲ ಕಾರ್ಖಾನೆಗಳಿಗೆ ಇದೊಂದು ವಿಲೇವಾರಿಯ ಸಮಸ್ಯೆಯಾಗಿತ್ತು. 1834ರಲ್ಲಿ ಜರ್ಮನಿಯ ರುಂಗೆ ಎಂಬ ರಸಾಯನಶಾಸ್ತ್ರಜ್ಞನು ಇದರಿಂದ ಕಾರ್ಬಾಲಿಕ್ ಆಮ್ಲವನ್ನು ಬೇರ್ಪಡಿಸಿದನು. 1856ರಲ್ಲಿ ಇಂಗ್ಲೆಂಡಿನ ವಿಲಿಯಂ ಪರ್ಕಿನ್ ಎಂಬ ಹದಿನೆಂಟರ ಹುಡುಗನು ಡಾಂಬರಿನಿಂದ ಬಂದ ಅನಿಲಿನ್‌ನಿಂದ ಕ್ವಿನೈನ್ ತಯಾರಿಸಲು ಹೋಗಿ ನೇರಳೆ ಬಣ್ಣವನ್ನು ಪಡೆದನು. 1860ರ ದಶಕದಲ್ಲಿ ಲಂಡನ್ನಿನ ರೈಟ್ ಎಂಬ ಔಷಧ ವ್ಯಾಪಾರಿಯ ಹೆಸರಿನ ಕೋಲ್ ತಾರ್ ಸಾಬೂನು ಮಾರುಕಟ್ಟೆಗೆ ಬಂದಿತು. 1867ರಲ್ಲಿ ಶಸ್ತ್ರವೈದ್ಯ ಲಿಸ್ಟರ್‌ರು ಕಾರ್ಬಾಲಿಕ್ ಆಮ್ಲದಿಂದ ಗಾಯಗಳ ಕೀವನ್ನು ತಡೆಯಬಹುದೆಂದು ಪ್ರಕಟಿಸಿದ ಮೇಲೆ ಆ ವಾಸನೆಯೇ ಆರೋಗ್ಯದ ವಾಸನೆಯಾಯಿತು. ಇಂಗ್ಲೆಂಡಿನಲ್ಲಿ 1894ರಲ್ಲಿ ಹೊರಬಂದ ಲೈಫ್‌ಬಾಯ್ ಮರುವರ್ಷವೇ ಭಾರತಕ್ಕೆ ಬಂದಿತು. ನಮ್ಮ ಸರ್ಕಾರಿ ಸಾಬೂನು ಕಾರ್ಖಾನೆಯ ಪರಂಪರೆಯ ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ಸಂಸ್ಥೆಯೂ ಗಂಧದ ಸಾಬೂನಿನ ಜೊತೆಗೆ ಮೈಸೂರು ಕಾರ್ಬಾಲಿಕ್ ಎಂಬುದನ್ನು ತಯಾರಿಸಿದೆ.

ಶಿಗ್ಲಿಯ ಮಟ್ಟಿಗೆ ಹೇಳುವುದಾದರೆ ಡಾಂಬರು ಮೂರು ದಾರಿಗಳಿಂದ ನಮ್ಮ ಮನೆಗಳನ್ನು ಪ್ರವೇಶಿಸಿತ್ತು. ಬಚ್ಚಲಿನಲ್ಲಿ ಸಾಬೂನಾಗಿ, ನೂಲಿನಲ್ಲಿ ಬಣ್ಣವಾಗಿ, ಟ್ರಂಕಿನಲ್ಲಿ ಸೀರೆಗಳ ಮಡಿಕೆಯ ನಡುವೆ ಬಿಳಿಯ ಗುಳಿಗೆಯಾಗಿ. ಈ ನ್ಯಾಫ್ತಲೀನ್ ಗುಳಿಗೆಗೆ ನಮ್ಮ ಹೆಂಗಸರು ಡಾಂಬರು ಗುಳಿಗೆ ಎಂದೇ ಹೆಸರಿಟ್ಟಿದ್ದರು. ರಸಾಯನಶಾಸ್ತ್ರದ ದೃಷ್ಟಿಯಿಂದ ಅದಕ್ಕಿಂತ ಸರಿಯಾದ ಹೆಸರು ಇನ್ನೊಂದಿಲ್ಲ. ಮಂಜಿಷ್ಠದ ಬೇರಿನ ಕೆಂಪಿಗೆ ಬದಲಾಗಿ ಡಾಂಬರಿನಿಂದ ಹುಟ್ಟಿದ ಅಲಿಜರಿನ್ ಕೆಂಪು, ಗಿಡದ ನೀಲಿಗೆ ಬದಲಾಗಿ 1897ರಲ್ಲಿ ಜರ್ಮನಿಯಿಂದ ಮಾರುಕಟ್ಟೆಗೆ ಬಂದ ಕೃತಕ ನೀಲಿ: ಇವು ಬಣ್ಣದ ಬೆಳೆಗಾರರ ಬದುಕನ್ನು ಏನು ಮಾಡಿದವೆಂಬುದು ಬೇರೆಯೇ ಕಥೆ. ಇಲ್ಲಿ ಗಮನಿಸಬೇಕಾದುದು ಇಷ್ಟು. ನಾವು ಹಳೆಯದೆಂದು ಕರೆಯುವ ಸಾಬೂನು ಪ್ರಕೃತಿಯ ಕೊಡುಗೆಯಾಗಿರಲಿಲ್ಲ. ಅದು ಅಂದಿನ ಅತ್ಯಾಧುನಿಕ ಕೈಗಾರಿಕಾ ಉತ್ಪನ್ನವಾಗಿತ್ತು.

ಅದರ ಮುಂದಿನ ಗತಿಯನ್ನು ಸಹ ನಮ್ಮ ತಯಾರಕರು ತಿಳಿದಿರಬೇಕು. ಲಂಡನ್ನಿನ ಹೊಗೆಕೊಳವೆ ಗುಡಿಸುವವರಿಗೆ ಬರುತ್ತಿದ್ದ ಚರ್ಮದ ಕ್ಯಾನ್ಸರಿಗೂ ಮಸಿಗೂ ಇರುವ ಸಂಬಂಧವನ್ನು ಪರ್ಸಿವಲ್ ಪಾಟ್ ಎಂಬ ವೈದ್ಯರು 1775ರಷ್ಟು ಹಿಂದೆಯೇ ಗುರುತಿಸಿದ್ದರು. 1915ರಲ್ಲಿ ಜಪಾನಿನ ಯಮಗಿವಾ ಮತ್ತು ಇಚಿಕಾವಾ ಎಂಬಿಬ್ಬರು ಮೊಲಗಳ ಕಿವಿಗೆ ಡಾಂಬರನ್ನು ತಿಂಗಳುಗಟ್ಟಲೆ ಸವರಿ ಕ್ಯಾನ್ಸರನ್ನು ಹುಟ್ಟಿಸಿ ತೋರಿಸಿದರು. ಹಾಗೆಂದು ಡಾಂಬರಿನ ಔಷಧಗುಣ ಸುಳ್ಳಾಗಲಿಲ್ಲ. ಸೋರಿಯಾಸಿಸ್ ರೋಗಕ್ಕೆ ಡಾಂಬರು ಮತ್ತು ನೇರಳಾತೀತ ಕಿರಣಗಳ ಚಿಕಿತ್ಸೆಯನ್ನು ಅಮೆರಿಕದ ಗೊಕರ್‌ಮನ್ 1925ರಲ್ಲಿ ರೂಪಿಸಿದರು. ಇಂದಿಗೂ ಚರ್ಮವೈದ್ಯರು ಕೋಲ್ ತಾರ್ ಇರುವ ಮುಲಾಮು, ಶಾಂಪೂಗಳನ್ನು ಬರೆದುಕೊಡುತ್ತಾರೆ. ಅಮೆರಿಕದ ನಿಯಮದಲ್ಲಿ ಇಂತಹ ಔಷಧಗಳಿಗೆ ಶೇ. 0.5ರಿಂದ ಶೇ. 5ರವರೆಗೆ ಎಂಬ ಮಿತಿಯಿದೆ. ಯುರೋಪಿನಲ್ಲಿ ಸೌಂದರ್ಯ ಸಾಧನಗಳಲ್ಲಿ ಇದನ್ನು ನಿಷೇಧಿಸಲಾಯಿತು. ರೈಟ್ ಹೆಸರಿನ ಸಾಬೂನಿನಲ್ಲಿ ಈಗ ಡಾಂಬರಿಲ್ಲ, ಟೀ ಟ್ರೀ ಎಣ್ಣೆಯಿದೆ. ನಮ್ಮ ದೇಶದಲ್ಲಿ ಲೈಫ್‌ಬಾಯ್ 2002ರಲ್ಲಿ ಕಾರ್ಬಾಲಿಕ್ ವಾಸನೆಯನ್ನು ಬಿಟ್ಟು ಸುಗಂಧಯುಕ್ತ ಸ್ನಾನದ ಸಾಬೂನಾಗಿ ರೂಪಾಂತರಗೊಂಡಿತು. ಅಂದರೆ ಒಂದೇ ಪದಾರ್ಥವು ಕಾಲಕ್ರಮದಲ್ಲಿ ಎರಡಾಗಿ ಒಡೆಯಿತು. ಔಷಧದ ಭಾಗವು ವೈದ್ಯರ ಚೀಟಿಗೆ ಹೋಯಿತು, ತೊಳೆಯುವ ಭಾಗವು ಕಿರಾಣಿ ಅಂಗಡಿಯಲ್ಲಿ ಉಳಿಯಿತು. ಎರಡನ್ನೂ ಒಂದೇ ಹೊದಿಕೆಯಲ್ಲಿ ಮತ್ತೆ ಸೇರಿಸಲು ನಮ್ಮ ತರುಣರು ಹೊರಟಿದ್ದಾರೆ.

ಮನೆಮದ್ದುಗಳ ವಿಷಯದಲ್ಲಿಯೂ ಇದೇ ವಿವೇಚನೆ ಅಗತ್ಯ. ನಮ್ಮ ಭಾಗದ ಕೊಳವೆಬಾವಿಗಳ ನೀರು ಗಡಸು ನೀರು. ಅದರಲ್ಲಿರುವ ಸುಣ್ಣದ ಅಂಶವು ಸಾಬೂನಿನೊಡನೆ ಸೇರಿ ನೊರೆಯ ಬದಲು ಬಿಳಿಯ ಗಸಿಯಾಗುತ್ತದೆ. ಅಂಟವಾಳಕಾಯಿಯ ನೊರೆಗೆ ಈ ತೊಂದರೆಯಿಲ್ಲ, ಏಕೆಂದರೆ ಅದರಲ್ಲಿರುವ ಸಪೋನಿನ್ ಸುಣ್ಣದೊಡನೆ ಗಸಿಗಟ್ಟುವುದಿಲ್ಲ. ರೇಷ್ಮೆ ಸೀರೆಯನ್ನು ಅಂಟವಾಳದಲ್ಲಿಯೇ ತೊಳೆಯಬೇಕೆಂದು ನಮ್ಮ ಮನೆಯ ಹಿರಿಯರು ಹಟ ಹಿಡಿಯುತ್ತಿದ್ದುದು ಸಕಾರಣವಾಗಿತ್ತು. ಕ್ಷಾರದ ಸಾಬೂನು ರೇಷ್ಮೆಯ ಹೊಳಪನ್ನು ತಿನ್ನುತ್ತದೆ. ಹೀಗೆ ಕಾರ್ಯಕಾರಣ ತಿಳಿದಿರುವ ಒಂದು ಪದಾರ್ಥ ನಮ್ಮ ಕೈಯಲ್ಲಿರುವಾಗ, ಸೀರೆ ವ್ಯಾಪಾರದ ಊರುಗಳಾದ ಶಿಗ್ಲಿ, ಬೆಟಗೇರಿ, ಗಜೇಂದ್ರಗಡಗಳಲ್ಲಿ ರೇಷ್ಮೆ ತೊಳೆಯುವ ಅಂಟವಾಳದ ದ್ರವವನ್ನು ಯಾರೂ ಏಕೆ ಯೋಚಿಸುವುದಿಲ್ಲವೋ ತಿಳಿಯದು. ಎಲ್ಲರಿಗೂ ಮುಖದ ಕಾಂತಿಯೇ ಬೇಕು.

ಇನ್ನೊಂದೆಡೆ ಬಜೆಯ ಬೇರಿನ ವಿಚಾರ ನೋಡಿ. ಎಳೆಗೂಸಿಗೆ ಸಾಣೆಕಲ್ಲಿನ ಮೇಲೆ ಬಜೆ, ಅಳಲೆಕಾಯಿ, ಮಾಚಿಕಾಯಿ, ಜಾಯಿಕಾಯಿಗಳನ್ನು ತೇಯ್ದು ಗುಟ್ಟಿ ಹಾಕದ ಮನೆ ನಮ್ಮ ಓಣಿಯಲ್ಲಿರಲಿಲ್ಲ. ಬಜೆಯಲ್ಲಿ ಬೀಟಾ ಅಸರೋನ್ ಎಂಬ ಅಂಶವಿದ್ದು, ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಅದು ಹಾನಿಕರವೆಂದು ಕಂಡುಬಂದುದರಿಂದ ಅಮೆರಿಕವು 1968ರಲ್ಲಿಯೇ ಆಹಾರದಲ್ಲಿ ಬಜೆಯ ಬಳಕೆಯನ್ನು ನಿಷೇಧಿಸಿತು. ಸಾಣೆಯ ಮೇಲೆ ಎರಡು ಸುತ್ತು ತೇಯ್ದ ಅಜ್ಜಿಯ ಪ್ರಮಾಣ ಬೇರೆ, ಯಂತ್ರದಲ್ಲಿ ಪುಡಿ ಮಾಡಿ ಸಾವಿರ ಡಬ್ಬಿ ತುಂಬುವವನ ಹೊಣೆ ಬೇರೆ. ಅಜ್ಜಿಗೆ ಮಗುವಿನ ಮುಖ ಕಾಣುತ್ತಿತ್ತು. ತಯಾರಕನಿಗೆ ಕಾಣುವುದು ಬ್ಯಾಚ್ ಸಂಖ್ಯೆ ಮಾತ್ರ.

ಅರಿಶಿಣದ ಪ್ರಕರಣವನ್ನು ಲೆಕ್ಕಿಗನಾದ ನಾನು ಆಗಾಗ್ಗೆ ಉದಾಹರಿಸುತ್ತೇನೆ. ಗಾಯ ಮಾಯಿಸಲು ಅರಿಶಿಣ ಬಳಸುವ ವಿಧಾನಕ್ಕೆ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರವು 1995ರಲ್ಲಿ ಪೇಟೆಂಟ್ ಪಡೆಯಿತು. ನಮ್ಮ ವೈಜ್ಞಾನಿಕ ಮತ್ತು ಔದ್ಯೋಗಿಕ ಸಂಶೋಧನಾ ಮಂಡಳಿಯು ಅದನ್ನು ಪ್ರಶ್ನಿಸಿದ ಮೇಲೆ 1997ರಲ್ಲಿ ಅದು ರದ್ದಾಯಿತು. ಗೆದ್ದದ್ದು ಕೋಟ್ಯಂತರ ಅಜ್ಜಿಯರ ಅನುಭವದಿಂದಲ್ಲ, ಹಳೆಯ ಗ್ರಂಥ ಮತ್ತು ಪತ್ರಿಕೆಗಳ ಲಿಖಿತ ಪುರಾವೆಗಳಿಂದ. ವೋಚರ್ ಇಲ್ಲದ ಖರ್ಚು ಎಷ್ಟೇ ನಿಜವಾಗಿದ್ದರೂ ಲೆಕ್ಕಪರಿಶೋಧಕನು ಒಪ್ಪುವುದಿಲ್ಲವಷ್ಟೆ?

ಈಗ ಕಾನೂನು ಮತ್ತು ತೆರಿಗೆಗೆ ಬರೋಣ. ಸಾಬೂನನ್ನು ಔಷಧವೆಂದು ಕರೆಯುವ ಚಟ ನಮ್ಮಲ್ಲಿ ಬೆಳೆದದ್ದಕ್ಕೆ ಭಕ್ತಿಗಿಂತ ತೆರಿಗೆಯೇ ಹೆಚ್ಚಿನ ಕಾರಣವೆಂಬುದು ನನ್ನ ಅನುಭವ. 1940ರ ಔಷಧ ಮತ್ತು ಸೌಂದರ್ಯ ಸಾಧನಗಳ ಕಾಯಿದೆಯಲ್ಲಿ ಸೌಂದರ್ಯ ಸಾಧನದ ವ್ಯಾಖ್ಯೆಯಿಂದ ಸಾಬೂನನ್ನು ಹೊರಗಿಡಲಾಗಿತ್ತು. 1982ರ ತಿದ್ದುಪಡಿಯಿಂದ ಆ ವಿನಾಯಿತಿ ಹೋಗಿ, 1983ರ ಫೆಬ್ರುವರಿಯಿಂದ ಸಾಬೂನಿಗೂ ಪರವಾನಗಿ ಬೇಕಾಯಿತು. ಅಬಕಾರಿ ಸುಂಕದಲ್ಲಿ ಔಷಧಕ್ಕೆ ಒಂದು ದರ, ಪ್ರಸಾಧನಕ್ಕೆ ಅದಕ್ಕಿಂತ ಹೆಚ್ಚಿನ ದರ ಇದ್ದುದರಿಂದ ಪ್ರತಿಯೊಬ್ಬ ತಯಾರಕನಿಗೂ ತನ್ನ ಪದಾರ್ಥ ಔಷಧವಾಗಬೇಕಿತ್ತು, ಇಲಾಖೆಗೆ ಅದು ಪ್ರಸಾಧನವಾಗಬೇಕಿತ್ತು. ಶೇ. 2.5 ಸೆಲೆನಿಯಂ ಸಲ್ಫೈಡ್ ಇದ್ದ ಸೆಲ್ಸನ್ ಶಾಂಪೂವನ್ನು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ಔಷಧವೆಂದು ಒಪ್ಪಿತು. ಬೈದ್ಯನಾಥ ಸಂಸ್ಥೆಯ ಕೆಂಪು ದಂತಮಂಜನವು ಔಷಧವಲ್ಲ, ಹಲ್ಲುಪುಡಿಯೆಂದು 2009ರಲ್ಲಿ ಮತ್ತೊಮ್ಮೆ ತೀರ್ಪಿತ್ತಿತು. ಸಾಮಾನ್ಯ ಗ್ರಾಹಕನು ಆ ಪದಾರ್ಥವನ್ನು ಏನೆಂದು ತಿಳಿದು ಕೊಳ್ಳುತ್ತಾನೆ ಎಂಬುದಕ್ಕೆ ನ್ಯಾಯಾಲಯವು ತೂಕ ಕೊಟ್ಟಿತು. ಹಲ್ಲುಜ್ಜಲು ಕೊಳ್ಳುವುದು ಹಲ್ಲುಪುಡಿ. ಮೈ ತೊಳೆಯಲು ಕೊಳ್ಳುವುದು ಸಾಬೂನು. ಇಷ್ಟು ಸರಳವಾದುದನ್ನು ಸ್ಥಾಪಿಸಲು ಎರಡು ದಶಕಗಳ ವಕೀಲರ ಶುಲ್ಕ ಬೇಕಾಯಿತು.

ಜಿಎಸ್‌ಟಿ ಬಂದ ಮೇಲೆ ಸಾಬೂನಿಗೆ ಶೇ. 18, ಆಯುರ್ವೇದ ಔಷಧಕ್ಕೆ ಶೇ. 12 ಎಂದಾಗಿ ಇದೇ ಆಕರ್ಷಣೆ ಮುಂದುವರಿಯಿತು. 2025ರ ಸೆಪ್ಟೆಂಬರ್ 22ರಿಂದ ಬಿಲ್ಲೆಯ ರೂಪದ ಸ್ನಾನದ ಸಾಬೂನಿಗೂ ಔಷಧಕ್ಕೂ ಶೇ. 5ರ ಒಂದೇ ದರ ಬಂದಿದೆ. ಸಣ್ಣ ತಯಾರಕರ ಪಾಲಿಗೆ ಇದು ನಾನು ಕಂಡ ದೊಡ್ಡ ಬದಲಾವಣೆಗಳಲ್ಲೊಂದು. ಆದರೆ ದರ ಇಳಿದುದನ್ನು ಗಮನಿಸಿದವರು ವ್ಯಾಜ್ಯದ ಮೂಲವೇ ಒಣಗಿದುದನ್ನು ಗಮನಿಸಿದಂತಿಲ್ಲ. ಸಾಬೂನನ್ನು ಔಷಧವೆಂದು ಕರೆದು ಉಳಿಸಬಹುದಾದ ತೆರಿಗೆ ಇಂದು ಒಂದು ಪೈಸೆಯೂ ಇಲ್ಲ. ಔಷಧವೆಂದು ಕರೆದರೆ ಹೊರೆ ಮಾತ್ರ ಉಂಟು: ಆಯುಷ್ ಪರವಾನಗಿ, ಅನುಸೂಚಿ ‘ಟಿ’ಯ ಉತ್ತಮ ಉತ್ಪಾದನಾ ಕ್ರಮಗಳು, ಅರ್ಹ ವೈದ್ಯ ಸಿಬ್ಬಂದಿ, ಶಾಸ್ತ್ರಗ್ರಂಥಗಳ ಆಧಾರ. ಜಾಹೀರಾತಿನಲ್ಲಿ ತೊನ್ನು, ಕುಷ್ಠಗಳಂಥ ರೋಗಗಳ ಹೆಸರೆತ್ತಿದರೆ 1954ರ ಮಾಂತ್ರಿಕ ಪರಿಹಾರಗಳ ಕಾಯಿದೆಯ ಪ್ರಕಾರ ಶಿಕ್ಷಾರ್ಹ ಅಪರಾಧ. ಸೌಂದರ್ಯ ಸಾಧನವಾಗಿ ಮಾರಿದರೆ 2020ರ ನಿಯಮಗಳ ಅಡಿಯ ರಾಜ್ಯ ಪರವಾನಗಿ ಸಾಕು. ರೋಗ ಗುಣಪಡಿಸುವ ಮಾತು ಮಾತ್ರ ಆಡುವಂತಿಲ್ಲ.

ಎರಡು ಎಚ್ಚರಿಕೆಗಳು. ದ್ರವ ಸಾಬೂನಿಗೆ ಈ ಇಳಿಕೆಯಿಲ್ಲ, ಅದು ಶೇ. 18ರಲ್ಲಿಯೇ ಇದೆ. ಬಿಲ್ಲೆ ಸಾಬೂನಿನಲ್ಲಿ ಮಾರಾಟದ ದರ ಶೇ. 5 ಆದರೂ ಕಾಸ್ಟಿಕ್ ಸೋಡಾ, ಸುಗಂಧ ಮಿಶ್ರಣಗಳ ಮೇಲೆ ಶೇ. 18 ಕೊಟ್ಟು ಕೊಳ್ಳುವುದರಿಂದ ಹೂಡುವಳಿ ತೆರಿಗೆ ಕೆಲವರ ಖಾತೆಯಲ್ಲಿ ಸಂಗ್ರಹವಾಗಬಹುದು. ಅದರ ಮರುಪಾವತಿಗೆ ಅವಧಿಯೊಳಗೆ ಅರ್ಜಿ ಹಾಕದೆ ‘ಇರಲಿ, ಮುಂದೆ ನೋಡೋಣ’ ಎನ್ನುವುದು ದುಡಿಯುವ ಬಂಡವಾಳವನ್ನು ಬಡ್ಡಿಯಿಲ್ಲದೆ ಸರ್ಕಾರಕ್ಕೆ ಕೊಟ್ಟಂತೆ. ವಾರ್ಷಿಕ 40 ಲಕ್ಷ ರೂ. ವಹಿವಾಟಿನವರೆಗೆ ನೋಂದಣಿ ಬೇಡವೆಂದು ನೆಮ್ಮದಿಯಿಂದಿರುವವರು, ಹೊರರಾಜ್ಯಕ್ಕೆ ಒಂದು ಪೆಟ್ಟಿಗೆ ಸಾಬೂನು ಕಳುಹಿಸಿದರೂ ಆ ವಿನಾಯಿತಿ ಇಲ್ಲವೆಂಬುದನ್ನು ಮರೆಯಬಾರದು.

ಹಾಗಾದರೆ ಬರೀ ಸಾಬೂನೆಂದು ಮಾರಿದರೆ ಗ್ರಾಹಕನು ಏಕೆ ಕೊಳ್ಳಬೇಕು ಎಂದು ಒಬ್ಬ ತರುಣರು ನನ್ನನ್ನು ಕೇಳಿದರು. ಒಳ್ಳೆಯ ಪ್ರಶ್ನೆ. ಸಾಬೂನಿಗೆ ತನ್ನದೇ ಆದ ಅಳತೆಗೋಲು ಇದೆ. ಅದು ಒಟ್ಟು ಕೊಬ್ಬಿನಾಂಶ, ವ್ಯವಹಾರದಲ್ಲಿ ಟಿಎಫ್ಎಂ. ಭಾರತೀಯ ಮಾನಕದ ಪ್ರಕಾರ ಸ್ನಾನದ ಸಾಬೂನಿನ ಮೊದಲ ದರ್ಜೆಗೆ ಕನಿಷ್ಠ ಶೇ. 76, ಎರಡನೆಯದಕ್ಕೆ 70, ಮೂರನೆಯದಕ್ಕೆ 60. ‘ಬೇದಿಂಗ್ ಬಾರ್’ ಎಂದು ಸಣ್ಣ ಅಕ್ಷರದಲ್ಲಿ ಮುದ್ರಿಸಿಕೊಂಡವಕ್ಕೆ ಶೇ. 40 ಇದ್ದರೂ ಸಾಕು. ದೊಡ್ಡ ಜಾಹೀರಾತಿನ ಎಷ್ಟೋ ಬಿಲ್ಲೆಗಳು ಈ ಕೊನೆಯ ವರ್ಗದವು. ಹೊದಿಕೆಯನ್ನು ತಿರುಗಿಸಿ ಓದಿದರೆ ತಿಳಿಯುತ್ತದೆ. ಶೇ. 76ರ ಸಾಬೂನನ್ನು ಗದುಗಿನಲ್ಲಿ ತಯಾರಿಸಿ, ಆ ಅಂಕಿಯನ್ನು ಹೊದಿಕೆಯ ಮುಂಭಾಗದಲ್ಲಿ ದಪ್ಪ ಅಕ್ಷರದಲ್ಲಿ ಹಾಕುವುದು ಸಣ್ಣ ತಯಾರಕನಿಗೆ ಸಾಧ್ಯವಿರುವ ಸ್ಪರ್ಧೆ. ಎಂಟು ಮೂಲಿಕೆಗಳ ಹೆಸರು ಹಾಕಿ ಎಲ್ಲವೂ ಸೇರಿ ಶೇ. 1ನ್ನೂ ಮೀರದ ಸಾಬೂನು, ಅದೂ ಮೈಮೇಲೆ ಒಂದು ನಿಮಿಷವಿದ್ದು ತೊಳೆದುಹೋಗುವಂಥದು, ಯಾವ ಗಜಕರ್ಣವನ್ನು ಗುಣಪಡಿಸೀತು? ಕ್ರಿಮಿನಾಶಕವೆಂದು ಹೇಳಿಕೊಳ್ಳುವ ದೊಡ್ಡವರ ಸ್ಥಿತಿಯೂ ಇದೇ. 2016ರ ಸೆಪ್ಟೆಂಬರಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಟ್ರೈಕ್ಲೋಸಾನ್ ಸೇರಿ 19 ರಾಸಾಯನಿಕಗಳನ್ನು ಗೃಹಬಳಕೆಯ ಕ್ರಿಮಿನಾಶಕ ಸಾಬೂನುಗಳಿಂದ ನಿಷೇಧಿಸಿತು. ಸಾದಾ ಸಾಬೂನು ಮತ್ತು ನೀರಿಗಿಂತ ಅವು ಹೆಚ್ಚು ಪರಿಣಾಮಕಾರಿ ಎಂಬುದನ್ನು ತಯಾರಕರು ಸಾಬೀತುಪಡಿಸಲಿಲ್ಲವೆಂಬುದೇ ಕಾರಣ. ಸಾದಾ ಸಾಬೂನಿಗೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕೇ?

ಮೂಲಿಕೆಗಳನ್ನೇ ನಂಬಿ ನಿಜವಾದ ಆಯುರ್ವೇದ ಔಷಧ ತಯಾರಿಸಬಯಸುವವರಿಗೆ ನಮ್ಮ ಜಿಲ್ಲೆಯಲ್ಲಿ ಕಪ್ಪತಗುಡ್ಡದ ಹೆಸರು ಮೊದಲು ನೆನಪಾಗುತ್ತದೆ. ಗದಗ, ಶಿರಹಟ್ಟಿ, ಮುಂಡರಗಿ ತಾಲೂಕುಗಳಲ್ಲಿ ಹಬ್ಬಿರುವ ಈ ಗುಡ್ಡದ ಔಷಧಿ ಸಸ್ಯಗಳ ಕೀರ್ತಿ ದೊಡ್ಡದು. ಆದರೆ ‘ಕಪ್ಪತಗುಡ್ಡದ ಗಿಡಮೂಲಿಕೆ’ ಎಂದು ಹೊದಿಕೆಯ ಮೇಲೆ ಅಚ್ಚು ಹಾಕಿಸುವವರು ಸ್ವಲ್ಪ ನಿಲ್ಲಬೇಕು. ಸಂರಕ್ಷಿತ ಪ್ರದೇಶವೆಂಬ ಘೋಷಣೆ ಬಂದು, ಹೋಗಿ, ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳ ಮುಂದಾಳತ್ವದ ಹೋರಾಟದ ಬಳಿಕ 2017ರಲ್ಲಿ ಮತ್ತೆ ಬಂದು, 2019ರಲ್ಲಿ ಅದು ವನ್ಯಜೀವಿಧಾಮವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ವನ್ಯಜೀವಿಧಾಮದಿಂದ ವಾಣಿಜ್ಯಕ್ಕಾಗಿ ಒಂದು ಬೇರನ್ನೂ ತರುವಂತಿಲ್ಲ. ಆದ್ದರಿಂದ ಆ ಹೊದಿಕೆಯು ಒಂದೋ ಸುಳ್ಳು, ಇಲ್ಲವೇ ತಪ್ಪೊಪ್ಪಿಗೆ. ದಾರಿಯಿಲ್ಲವೆಂದಲ್ಲ. ಗುಡ್ಡದ ಅಂಚಿನ ಒಣಭೂಮಿಯ ರೈತರಿಂದ ಬೆಳೆಸಿ ಕೊಳ್ಳಬಹುದು. ಜೀವವೈವಿಧ್ಯ ಕಾಯಿದೆಗೆ 2023ರಲ್ಲಿ ಆದ ತಿದ್ದುಪಡಿಯು ಬೆಳೆಸಿದ ಔಷಧಿ ಸಸ್ಯಗಳಿಗೆ ಮೂಲದ ಪ್ರಮಾಣಪತ್ರವಿದ್ದರೆ ಲಾಭ ಹಂಚಿಕೆಯ ಹೊಣೆಯಿಂದ ರಿಯಾಯಿತಿ ನೀಡಿದೆ. ಇದಕ್ಕೆ ರೈತರೊಡನೆ ಲಿಖಿತ ಕರಾರು, ಖರೀದಿ ಪುಸ್ತಕ, ಸಾಗಣೆಯ ದಾಖಲೆ ಬೇಕು. ನಮ್ಮ ವ್ಯಾಪಾರಸ್ಥರಿಗೆ ಬಾಯಿಮಾತಿನ ಕರಾರು ಪ್ರಿಯವೆಂಬುದನ್ನು ನಾನು ಬಲ್ಲೆ. ಇಲ್ಲಿ ಅದು ನಡೆಯುವುದಿಲ್ಲ.

ಬ್ಯಾಂಕಿಗೆ ಕೊಡುವ ಯೋಜನಾ ವರದಿಯಲ್ಲಿ ‘ಪಾರಂಪರಿಕ ಖ್ಯಾತಿ’ ಎಂಬ ಬಾಬತ್ತಿಗೆ ಒಂದು ಮೊತ್ತ ತೋರಿಸಬಹುದೇ ಎಂದು ಇನ್ನೊಬ್ಬರು ಕೇಳಿದ್ದುಂಟು. ಲೆಕ್ಕಪತ್ರ ಮಾನಕ 26ರ ಪ್ರಕಾರ ಸಂಸ್ಥೆಯು ತಾನೇ ಬೆಳೆಸಿಕೊಂಡ ಸುನಾಮವನ್ನಾಗಲಿ ಮುದ್ರೆಯನ್ನಾಗಲಿ ಆಸ್ತಿಯೆಂದು ತೋರಿಸುವಂತಿಲ್ಲ. ತಾನು ಬೆಳೆಸದೆ ಇರುವ, ಊರ ಅಜ್ಜಿಯರೆಲ್ಲರಿಗೂ ಸೇರಿದ ಸುನಾಮದ ಮಾತಂತೂ ದೂರವೇ ಉಳಿಯಿತು.

ನಮ್ಮ ವಾಣಿಜ್ಯ ಮಂಡಳಿಯ ಪದಾಧಿಕಾರಿಗಳಲ್ಲಿ ಒಂದು ವಿನಂತಿ. ಸಾಬೂನಿನ ಟಿಎಫ್ಎಂ, ಉಳಿಕೆ ಕ್ಷಾರ, ತೇವಾಂಶಗಳ ಪರೀಕ್ಷೆಗೆ ನಮ್ಮ ಸದಸ್ಯರು ಈಗ ಮಾದರಿಯನ್ನು ದೂರದ ಊರಿಗೆ ಕಳುಹಿಸಿ ವಾರಗಟ್ಟಲೆ ಕಾಯುತ್ತಾರೆ; ಕಾಯಲಾಗದವರು ಪರೀಕ್ಷೆಯಿಲ್ಲದೆಯೇ ಮಾರುತ್ತಾರೆ. ಕೇಂದ್ರದ ಸಣ್ಣ ಕೈಗಾರಿಕೆಗಳ ಕ್ಲಸ್ಟರ್ ಅಭಿವೃದ್ಧಿ ಯೋಜನೆಯಲ್ಲಿ ಸಾಮಾನ್ಯ ಸೌಲಭ್ಯ ಕೇಂದ್ರಗಳಿಗೆ ಅನುದಾನದ ಅವಕಾಶವಿದೆ. ಗದುಗಿನ ಡಿ.ಜಿ.ಎಂ. ಆಯುರ್ವೇದ ಮಹಾವಿದ್ಯಾಲಯದ ದ್ರವ್ಯಗುಣ ವಿಭಾಗದವರೊಡನೆ ಮಾತನಾಡಿ, ಮೂಲಿಕೆಗಳ ಗುರುತಿಸುವಿಕೆಗೆ ಅವರ ನೆರವು, ಸಾಬೂನಿನ ಪರೀಕ್ಷೆಗೆ ಒಂದು ಚಿಕ್ಕ ಪ್ರಯೋಗಾಲಯ, ಹೊದಿಕೆಯ ಮಾತುಗಳನ್ನು ಮುದ್ರಣಕ್ಕೆ ಮೊದಲು ನೋಡಿಕೊಡಲು ಒಂದು ಉಪಸಮಿತಿ: ಇಷ್ಟನ್ನು ಮುಂದಿನ ಸರ್ವಸಾಧಾರಣ ಸಭೆಯ ಕಾರ್ಯಸೂಚಿಗೆ ಸೇರಿಸಬೇಕು. ಅರ್ಜಿ ನಮೂನೆ ಮತ್ತು ಅಂದಾಜು ವೆಚ್ಚದ ಪಟ್ಟಿಯನ್ನು ಸಿದ್ಧಪಡಿಸಿಕೊಡುವ ಕೆಲಸವನ್ನು ಶುಲ್ಕವಿಲ್ಲದೆ ಮಾಡಿಕೊಡಲು ನಾನು ಸಿದ್ಧನಿದ್ದೇನೆ.